ಭೌಗೋಳಿಕ ಮಾಹಿತಿ ವ್ಯವಸ್ಥೆ

ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಜಿಐಎಸ್ ಎಂಬುದು ಭೂಮಿಯ ಮೇಲಿನ ಸ್ಥಳಗಳ ಕುರಿತ ಮಾಹಿತಿಯನ್ನು ಸಂಗ್ರಹಿಸಿ, ವಿಶ್ಲೇಷಿಸಿ, ನಕ್ಷೆಯ ರೂಪದಲ್ಲಿ ತೋರಿಸುವ ಗಣಕ ವ್ಯವಸ್ಥೆ. ಒಂದು ಸ್ಥಳದ ಮಣ್ಣು, ನೀರು, ಜನಸಂಖ್ಯೆ, ಒಡೆತನ ಮೊದಲಾದ ಬೇರೆ ಬೇರೆ ಮೂಲಗಳ ವಿವರಗಳನ್ನು ಅಕ್ಷಾಂಶ ಮತ್ತು ರೇಖಾಂಶಗಳ ಆಧಾರದ ಮೇಲೆ ಒಟ್ಟುಗೂಡಿಸುವುದು ಇದರ ಮುಖ್ಯ ಲಕ್ಷಣ.

ಇತಿಹಾಸ

1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಹರಡಿದಾಗ, ವೈದ್ಯ ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ದಟ್ಟವಾಗಿದ್ದವು. ರೋಗವು ನೀರಿನ ಮೂಲಕ ಹರಡುತ್ತದೆ ಎಂಬ ಅವರ ವಾದಕ್ಕೆ ಇದು ಬಲ ನೀಡಿತು. ಗಣಕಾಧಾರಿತ ವ್ಯವಸ್ಥೆಯು 1960ರ ದಶಕದಲ್ಲಿ ಕೆನಡಾದ ಭೂ ಸಮೀಕ್ಷೆಗಾಗಿ ರೂಪುಗೊಂಡಿತು. ಅದರ ರೂವಾರಿ ರೋಜರ್ ಟಾಮ್ಲಿನ್ಸನ್ ಅವರನ್ನು ಜಿಐಎಸ್‌ನ ಪಿತಾಮಹ ಎಂದು ಕರೆಯಲಾಗುತ್ತದೆ.

ದತ್ತಾಂಶದ ಸ್ವರೂಪ

ದತ್ತಾಂಶದಲ್ಲಿ ಎರಡು ಪ್ರಧಾನ ಬಗೆಗಳಿವೆ.

* ವೆಕ್ಟರ್: ಬಾವಿಯನ್ನು ಬಿಂದುವಾಗಿ, ಹೊಳೆಯನ್ನು ರೇಖೆಯಾಗಿ, ಕೆರೆಯನ್ನು ಬಹುಭುಜವಾಗಿ ದಾಖಲಿಸುವ ಕ್ರಮ. ಪ್ರತಿಯೊಂದು ಆಕೃತಿಗೂ ಅದರ ಹೆಸರು, ವಿಸ್ತೀರ್ಣ ಮುಂತಾದ ವಿವರಗಳ ಕೋಷ್ಟಕ ಜೋಡಿಸಲ್ಪಟ್ಟಿರುತ್ತದೆ.
* ರಾಸ್ಟರ್: ನೆಲವನ್ನು ಸಮಾನ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕಕ್ಕೂ ಒಂದು ಮೌಲ್ಯವನ್ನು ನೀಡುವ ಕ್ರಮ. ಉಪಗ್ರಹ ಚಿತ್ರಗಳು ಈ ಬಗೆಯವು.

ಪದರಗಳ ಹೊಂದಾಣಿಕೆ

ಪ್ರತಿಯೊಂದು ವಿಷಯವನ್ನು ಪ್ರತ್ಯೇಕ ಪದರವಾಗಿ ಇರಿಸಿ, ಒಂದರ ಮೇಲೊಂದು ಹೊಂದಿಸಿ ನೋಡಲಾಗುತ್ತದೆ. ಉದಾಹರಣೆಗೆ, ಬೆಂಗಳೂರಿನ ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಿದರೆ, ಕೆಂಪೇಗೌಡ ಬಸ್ ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿಯೂ ಕಂಠೀರವ ಕ್ರೀಡಾಂಗಣವು ಸಂಪಂಗಿ ಕೆರೆಯ ಜಾಗದಲ್ಲಿಯೂ ಇರುವುದು ಕಾಣುತ್ತದೆ. ಇದಕ್ಕೆ ಭೂಮಿಯ ಎತ್ತರದ ಪದರವನ್ನು ಸೇರಿಸಿದರೆ ಮಳೆನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಂದಾಜಿಸಬಹುದು.

ನಿಖರತೆ ಮತ್ತು ಮಿತಿಗಳು

ಫಲಿತಾಂಶದ ನಿಖರತೆಯು ಮೂಲ ನಕ್ಷೆಯನ್ನು ಅವಲಂಬಿಸಿದೆ. 1:50,000 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯು ನೆಲದ ಮೇಲೆ 25 ಮೀಟರ್ ಅಗಲವನ್ನು ಆವರಿಸುತ್ತದೆ. ಒಂದು ಗುಂಟೆಯೆಂದರೆ 33 ಅಡಿ, ಅಂದರೆ ಸುಮಾರು 10 ಮೀಟರ್ ಬಾಹುವುಳ್ಳ ಚೌಕ. ಆದುದರಿಂದ ಇಂತಹ ನಕ್ಷೆಯನ್ನು ಪರದೆಯ ಮೇಲೆ ಎಷ್ಟೇ ಹಿಗ್ಗಿಸಿದರೂ ಎರಡು ಗುಂಟೆ ಜಮೀನಿನ ಗಡಿಯನ್ನು ಅದರಿಂದ ನಿರ್ಧರಿಸಲಾಗದು.

ಭಾರತದ ಹಳೆಯ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿದ್ದು, ಜಿಪಿಎಸ್ ಬೇರೊಂದು ಆಧಾರವನ್ನು ಬಳಸುತ್ತದೆ. ಸೂಕ್ತ ಪರಿವರ್ತನೆ ಮಾಡದೆ ಇವೆರಡನ್ನು ಹೊಂದಿಸಿದರೆ ಸ್ಥಾನವು ನೂರು ಮೀಟರಿಗೂ ಹೆಚ್ಚು ಜರುಗಬಹುದು. ಅಲ್ಲದೆ, ನಕ್ಷೆಯಲ್ಲಿ ದಾಖಲಾಗದ ಕಾಲುದಾರಿ, ಗೋಮಾಳ ಅಥವಾ ತೋಡು ವಿಶ್ಲೇಷಣೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಗಡಿ ಮತ್ತು ಒಡೆತನದ ಪ್ರಶ್ನೆಗಳಲ್ಲಿ ಸ್ಥಳ ಪರಿಶೀಲನೆ ಅನಿವಾರ್ಯವಾಗುವುದು ಈ ಕಾರಣಗಳಿಂದ.

ಅಧ್ಯಯನ

ಭೂಗೋಳ, ನಗರ ಯೋಜನೆ, ಕೃಷಿ, ಪರಿಸರ ಮೊದಲಾದ ವಿಷಯಗಳ ವಿದ್ಯಾರ್ಥಿಗಳು ಜಿಐಎಸ್ ಅಭ್ಯಸಿಸುತ್ತಾರೆ. ನಕ್ಷೆಯ ಪ್ರಮಾಣ, ಪ್ರಕ್ಷೇಪ ಮತ್ತು ನಿರ್ದೇಶಾಂಕಗಳ ತಿಳಿವಳಿಕೆ ಇದಕ್ಕೆ ತಳಹದಿ. ತಂತ್ರಾಂಶದ ಬಳಕೆ ಅದರ ನಂತರದ ಹಂತ. ಕ್ಯೂಜಿಐಎಸ್ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ. ಇಸ್ರೋ ಸಂಸ್ಥೆಯು 2009ರಲ್ಲಿ ಆರಂಭಿಸಿದ ಭುವನ್ ಜಾಲತಾಣದಲ್ಲಿ ಭಾರತದ ಉಪಗ್ರಹ ಚಿತ್ರಗಳು ಲಭ್ಯವಿವೆ. ಕರ್ನಾಟಕದಲ್ಲಿ, ಇರುವ ಸ್ಥಳದ ಸರ್ವೆ ನಂಬರನ್ನು ಮೊಬೈಲ್ ಫೋನಿನಲ್ಲಿ ತಿಳಿಯಲು ದಿಶಾಂಕ್ ಆ್ಯಪ್ ಬಳಕೆಯಲ್ಲಿದೆ.