ಹಳಿ ಹಾಕಿದವರು ಯಾರು?

ಚಿಕ್ಕೋಡಿ ರೋಡ್ ಅಂತ ಒಂದು ಟೇಶನ್ ಇದೆ. ಬೋರ್ಡಿನ ಮೇಲೆ ಚಿಕ್ಕೋಡಿ ಇದೆ, ಇಳಿದು ನೋಡಿದರೆ ಚಿಕ್ಕೋಡಿ ಇಲ್ಲ. ನಿಪ್ಪಾಣಿಗೆ ಹಳಿಯೇ ಇಲ್ಲ. ಅಥಣಿ ಪೇಟೆಗೂ ಇಲ್ಲ. ರಾಯಬಾಗ, ಚಿಂಚಲಿ, ಕುಡಚಿ ದಾಟಿ, ಈಗಿನ ಕಾಗವಾಡ ತಾಲೂಕಿನ ಉಗಾರ, ಶೇಡಬಾಳ ಮುಟ್ಟಿ ಗಾಡಿ ಮಿರಜಿಗೆ ಹೋಗುತ್ತದೆ. ಈ ಹಳಿ ಯಾರಿಗಾಗಿ ಬಂತು? ಯಾರು ಹಾಕಿದರು? ಕಂಪನಿಯ ಹೆಸರು, ಸಾಹೇಬರ ಹೆಸರು ಪುಸ್ತಕದಲ್ಲಿವೆ. ಬುಟ್ಟಿ ಹೊತ್ತವಳ ಹೆಸರಿಲ್ಲ. ಅವಳ ಮಕ್ಕಳು ನಾವು, ಕೇಳಲೇಬೇಕು.

1876–78ರ ಬರದಿಂದ ಸುರು ಮಾಡೋಣ. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಒಣಗಿಹೋದವು. ಮುಂಬಯಿ ಪ್ರಾಂತದಲ್ಲಿ ಬರಗಾಲದ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಒಂದು ಆಣೆ ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ಸಾಹೇಬ ಲೆಕ್ಕ ಹಾಕಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಅಲ್ಲ. ಅಷ್ಟು ತಿಂದು ದಿನವಿಡೀ ಮಣ್ಣು ಹೊರಬೇಕಿತ್ತು. 1877ರಲ್ಲಿ ಎಷ್ಟೋ ಜನ ಕೆಲಸ ಬಿಟ್ಟು ಎದ್ದು ನಡೆದರು. ಹಸಿದವರು ಹೂಡಿದ ಮುಷ್ಕರ ಅದು. ನಮ್ಮ ಪಾಠದ ಪುಸ್ತಕದಾಗ ಅದನ್ನ ಯಾರೂ ಹೇಳಲಿಲ್ಲ.

ಬರದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಕಾಳು ಸಾಗಿಸಲು ಬರದ ಸೀಮೆಗೆ ರೇಲ್ವೆ ಬೇಕು ಅಂದಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. ಲಾಭ ಬರಲಿ ಬಿಡಲಿ, ಶೇರುದಾರರ ಬಡ್ಡಿಗೆ ಸರಕಾರದ ಖಾತ್ರಿ. ಮಣ್ಣು ಹೊತ್ತವರ ಹೊಟ್ಟೆಗೆ ಅಂಥ ಖಾತ್ರಿ ಎಲ್ಲಿತ್ತು? ಪುಣೆಯಿಂದ ಮಿರಜ, ಬೆಳಗಾವಿ ಹಾದು ಲೋಂಡಾವರೆಗೆ ಮೀಟರ್‌ಗೇಜ್ ಹಳಿ 1890ರ ಹೊತ್ತಿಗೆ ಮುಗಿಯಿತು. ಲೋಂಡಾದಿಂದ ಮುಂದೆ ಮುರಗಾವ ಬಂದರಿಗೆ ದಾರಿ. ಬರದ ಹೆಸರಿನಲ್ಲಿ ಬಂದ ರೇಲ್ವೆ ಒಣ ಅಥಣಿಯನ್ನು ಪಕ್ಕಕ್ಕೆ ಬಿಟ್ಟು ಹೋಯಿತು.

ಏರಿ ಹಾಕಬೇಕು, ಖಡಿ ಒಡೆಯಬೇಕು, ಉಗಾರ-ಕುಡಚಿ ನಡುವೆ ಕೃಷ್ಣೆಗೆ ಸೇತುವೆ ಕಟ್ಟಬೇಕು. ಕಲ್ಲು ಮಣ್ಣಿನ ಕೆಲಸ ಅಂದರೆ ಈ ಸೀಮೆಯಲ್ಲಿ ವಡ್ಡರು, ಹೊಲ ಇಲ್ಲದ ಕೇರಿಯವರು. ಗಂಡಸು ಅಗೆದರೆ ಹೆಂಗಸು ಹೊತ್ತಳು.

ರೇಲ್ವೆಯಿಂದ ಹುಟ್ಟುವ ಉದ್ಯಮ ಜಾತಿಯ ಕಸುಬನ್ನು ಒಡೆದುಹಾಕುತ್ತದೆ ಎಂದು ಮಾರ್ಕ್ಸ್ 1853ರಲ್ಲೇ ಬರೆದಿದ್ದ. ಅರ್ಧ ನಿಜ. ಟಿಕೀಟು ಜಾತಿ ಕೇಳಲಿಲ್ಲ. ಗುಡಿಯೊಳಗೆ ಬಿಡದವರು ಮೂರನೆಯ ದರ್ಜೆಯ ಹಲಗೆ ಮೇಲೆ ಒತ್ತೊತ್ತಿ ಕೂತರು. ಇನ್ನರ್ಧ ಏನಾಯಿತು? ಅದನ್ನು ಇದೇ ಹಳಿಯ ಮೇಲೆ ಬಾಬಾಸಾಹೇಬರು ಕಂಡರು. 1901ರಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಹೊರಟು ಮಸೂರು ಟೇಶನ್ನಿನಲ್ಲಿ ಇಳಿದ. ಅಪ್ಪ ಇದ್ದದ್ದು ಬರಗಾಲದವರಿಗಾಗಿ ಕೆರೆ ತೋಡಿಸುವ ಕಾಮಗಾರಿಯ ಊರಲ್ಲಿ. ಒಳ್ಳೆ ಅಂಗಿ ಕಂಡು ಟೇಶನ್ ಮಾಸ್ತರ ಪ್ರೀತಿಯಿಂದ ವಿಚಾರಿಸಿದ. ಮಹಾರರು ಅಂದ ಕೂಡಲೇ ಮುಖ ತಿರುಗಿತು. ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಎತ್ತಿನ ಹಗ್ಗ ಹುಡುಗರೇ ಹಿಡಿದರು. ಗಾಡಿಯವ ಮೈಲಿಗೆ ಆದೀತೆಂದು ಪಕ್ಕದಲ್ಲಿ ನಡೆದ. ಹಳಿ ಮುಗಿದಲ್ಲಿ ಮನು ಕಾದು ನಿಂತಿದ್ದ!

ಅದೇ ಹುಡುಗ ಬೆಳೆದು 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದರು. ರೇಲ್ವೆ ಬರದ ಊರಿಗೆ ಅವರ ಮಾತು ಬಂತು.

ಬಿಳಿಯರು ಹೋದರು, ಹಳಿ ನಮ್ಮದಾಯಿತು ಅಂದರು. 1951ರ ಏಪ್ರಿಲ್ 14ರಂದು, ಬಾಬಾಸಾಹೇಬರ ಹುಟ್ಟಿದ ದಿನವೇ, ದಕ್ಷಿಣ ರೇಲ್ವೆ ಶುರುವಾಯಿತು. ಆದರೆ ಡಬ್ಬಿಯ ಪಾಯಖಾನೆಯಿಂದ ಹಳಿಗೆ ಬಿದ್ದದ್ದನ್ನು ಬಳಿದವರು ಯಾರು? 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಅಲ್ಲೀತನಕ, ಅದರ ಆಚೆಗೂ, ಪೊರಕೆ ನಮ್ಮವರ ಕೈಯಲ್ಲೇ ಇತ್ತು. ಕಸುಬು ಒಡೆಯಬೇಕಾದ ರೇಲ್ವೆ ಹಳೇ ಕಸುಬಿಗೆ ಸರಕಾರಿ ಪಗಾರ ಕೊಟ್ಟಿತು, ಅಷ್ಟೆ.

ಇದು ನಮ್ಮೊಬ್ಬರ ಕತೆಯಲ್ಲ. ದುಬೈಯಲ್ಲಿ 2009ರ ಸೆಪ್ಟೆಂಬರ್ 9ರಂದು ಮೆಟ್ರೋ ಓಡಿತು. ಚಾಲಕನಿಲ್ಲದ ಗಾಡಿ, ಅದರಾಗೂ ಸಿರಿವಂತರಿಗೆ ಗೋಲ್ಡ್ ದರ್ಜೆ. ರಿಯಾದಿನಲ್ಲಿ 2024ರ ಡಿಸೆಂಬರಿನಿಂದ ಓಡತೊಡಗಿತು: ಆರು ಮಾರ್ಗ, 85 ಟೇಶನ್, 176 ಕಿಲೋಮೀಟರ್. ಆ ಸೀಮೆಯ ಊರುಗಳನ್ನು ಕಟ್ಟಿದವರು ನಮ್ಮ ದೇಶದ, ನೇಪಾಳದ, ಬಾಂಗ್ಲಾದೇಶದ, ಪಾಕಿಸ್ತಾನದ ಕೂಲಿಗಳು. ದುಬೈಯಲ್ಲಿ ಅವರು ಮಲಗುವ ಕ್ಯಾಂಪುಗಳ ಜಾಗದ ಹೆಸರು ಸೋನಾಪುರ. ಬಂಗಾರದ ಊರು! ಹೆಸರಿಡುವವರಿಗೆ ನಾಚಿಕೆ ಇರುವುದಿಲ್ಲ.

ಈಗ ನಮ್ಮಲ್ಲೂ ಹೊಸ ಹಳಿ ಬರಲಿಕ್ಕತ್ತೈತಿ. 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ 2010–11ರಲ್ಲಿ ಮಂಜೂರಿ ಸಿಕ್ಕಿತು. ಮೊದಲ 30 ಕಿಲೋಮೀಟರು ಖಜ್ಜಿಡೋಣಿ ತನಕ ಆಯಿತು. ಕುಡಚಿ ಮುಟ್ಟುವ ಕೆಲಸ ಇನ್ನೂ ಮುಗಿದಿಲ್ಲ. ಬರಲಿ, ನಾವು ರೇಲ್ವೆಯ ವೈರಿಗಳಲ್ಲ. ಮೊದಲ ಬಾರಿ ಊರ ಗೌಡನ ಕಣ್ಣು ತಪ್ಪಿಸಿ ಮುಂಬಯಿಗೆ ಹೋದವನನ್ನು ಹೊತ್ತೊಯ್ದದ್ದು ಅದೇ ಗಾಡಿ.

ಆದರೆ ಗೆಳೆಯರೆ, ಈ ಸಲ ಲೆಕ್ಕ ನಾವು ಇಡೋಣ. ಯಾರ ಹೊಲ ಹೋಯಿತು, ಹೊಲವಿಲ್ಲದೆ ಅದೇ ಹೊಲದಲ್ಲಿ ದುಡಿಯುತ್ತಿದ್ದವನಿಗೆ ಏನು ಸಿಕ್ಕಿತು, ಖಡಿ ಹೊತ್ತವಳ ದಿನಗೂಲಿ ಎಷ್ಟು, ಗುತ್ತಿಗೆದಾರ ಎಷ್ಟು ಮುರಿದುಕೊಂಡ, ಬರೆದಿಡೋಣ. ರಾಯಬಾಗದ, ಕುಡಚಿಯ, ಉಗಾರದ ಕೇರಿಗೆ ಹೋಗಿ ಮುದುಕರನ್ನು ಕೇಳೋಣ: ಅಜ್ಜಾ, ನಿಮ್ಮ ಅಜ್ಜ ಎಲ್ಲಿ ಹಳಿ ಹಾಕಿದ? ಅವರು ಹೇಳುವ ಒಂದೊಂದು ಹೆಸರನ್ನೂ ಕಾಗದಕ್ಕೆ ಇಳಿಸೋಣ. ಅವರು ಸತ್ತ ಮೇಲೆ ಕೇಳಲಿಕ್ಕೆ ಯಾರೂ ಉಳಿಯುವುದಿಲ್ಲ.