ಯುದ್ಧದ ವರದಿ: ಕಂಡದ್ದೆಷ್ಟು, ಕೇಳಿದ್ದೆಷ್ಟು?

ಯುದ್ಧದಲ್ಲಿ ಇಷ್ಟು ಜನ ಸತ್ತರೆಂದು ಎಣಿಸಿದವರು ಯಾರು? ಇತಿಹಾಸ ಪಾಠ ಮಾಡುವಾಗ ಮಕ್ಕಳು ಕೇಳುವ ಈ ಪ್ರಶ್ನೆಗೆ ನಾನು ವಿಲಿಯಂ ಹೋವರ್ಡ್ ರಸೆಲ್‌ನ ಕಥೆ ಹೇಳುತ್ತೇನೆ.

ಈತ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವರದಿಗಾರ. ಅದಕ್ಕೆ ಮೊದಲು ಪತ್ರಿಕೆಗಳು ಬಹುಮಟ್ಟಿಗೆ ಸೇನಾಧಿಕಾರಿಗಳ ಪತ್ರಗಳನ್ನೇ ಅಚ್ಚು ಹಾಕುತ್ತಿದ್ದವು. 1854ರಲ್ಲಿ ಕ್ರಿಮಿಯಾಕ್ಕೆ ಹೋದ ರಸೆಲ್ ಯುದ್ಧವನ್ನು ಕಣ್ಣಾರೆ ಕಂಡು ಬರೆದ. ಅಕ್ಟೋಬರ್ 25ರಂದು ಬಾಲಕ್ಲಾವದಲ್ಲಿ ಬ್ರಿಟಿಷ್ ಅಶ್ವದಳವೊಂದು ಆಜ್ಞೆಯನ್ನು ತಪ್ಪಾಗಿ ತಿಳಿದು ರಷ್ಯದ ಫಿರಂಗಿಗಳ ಬಾಯಿಗೇ ನುಗ್ಗಿತು. ವರದಿ ಅಚ್ಚಾದದ್ದು ನವೆಂಬರ್ 14ಕ್ಕೆ. ಹೋದವರು 607, ಮರಳಿದವರು 198 ಎಂದು ಅದರಲ್ಲಿತ್ತು. ಓದಿದರೆ ನಾನೂರು ಜನ ಸತ್ತರೆಂದೇ ಅನ್ನಿಸುತ್ತದೆ. ವಾಸ್ತವದಲ್ಲಿ ಹೋದವರು ಸುಮಾರು 670, ಸತ್ತವರು ಸುಮಾರು 110. ಕುದುರೆ ಕಳೆದುಕೊಂಡವರು, ಗಾಯಾಳುಗಳು, ಸೆರೆಯಾದವರು ಮೊದಲ ಎಣಿಕೆಗೆ ಸಿಕ್ಕಿರಲಿಲ್ಲ. ಎದುರಿಗೇ ನಿಂತು ನೋಡಿದವನ ಲೆಕ್ಕವೇ ಹೀಗೆ!

ಆದರೂ ನನಗೆ ಆತನ ಮೇಲೆ ಗೌರವವಿದೆ. ಅದಕ್ಕೆ ಕಾರಣ 1858ರಲ್ಲಿ ಅವನು ಭಾರತಕ್ಕೆ ಬಂದು ಮಾಡಿದ ಕೆಲಸ. ಹಿಂದಿನ ವರ್ಷ ಕಾನ್ಪುರದ ಬೀಬಿಘರ್‌ನಲ್ಲಿ ಇಂಗ್ಲಿಷ್ ಹೆಂಗಸರು, ಮಕ್ಕಳು ಕೊಲೆಯಾದದ್ದು ನಿಜ. ಸಾಯುವ ಮುನ್ನ ಅವರು 'ಸೇಡು ತೀರಿಸಿ' ಎಂದು ಗೋಡೆಯ ಮೇಲೆ ಬರೆದಿದ್ದರೆಂಬ ಸುದ್ದಿಯೂ ಹಬ್ಬಿತ್ತು. ಕೆರಳಿದ ಸೈನಿಕರ ಸೇಡಿಗೆ ಎಷ್ಟೋ ನಿರಪರಾಧಿಗಳು ಬಲಿಯಾದರು. ರಸೆಲ್ ವಿಚಾರಿಸಿ ನೋಡಿದ. ಹ್ಯಾವ್ಲಾಕನ ಸೈನ್ಯ ಒಳಹೊಕ್ಕಾಗ ಗೋಡೆಯ ಮೇಲೆ ಆ ಬರಹ ಇರಲೇ ಇಲ್ಲ. ಆಮೇಲೆ ಯಾರೋ ಗೀಚಿದ್ದು. ತನ್ನ ದೇಶದವರೇ ನಂಬಿದ್ದ ಸುಳ್ಳನ್ನು ಸುಳ್ಳೆಂದು ಅವನು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದ. ಅದಕ್ಕೆ ಎದೆಗಾರಿಕೆ ಬೇಕು.

ಅದೇ 1857ರ ನವೆಂಬರಿನಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ವಿರುದ್ಧ ನಿಂತರು. ಸರ್ಕಾರದ ದೃಷ್ಟಿಯಲ್ಲಿ ಅದು ಅಡಗಿಸಿದ ಒಂದು ದಂಗೆ, ಅಷ್ಟೆ. ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಹೇಳಿದವನು ಲಾವಣಿಕಾರ. ಅವನ ಲೆಕ್ಕವನ್ನೂ ರಸೆಲ್‌ನ ಲೆಕ್ಕದಂತೆಯೇ ಒರೆಗೆ ಹಚ್ಚಬೇಕು, ನಮ್ಮವನೆಂದು ರಿಯಾಯಿತಿ ಇಲ್ಲ. ಆದರೆ ಊರು ಉರಿದ ಸಂಕಟ ನಮಗೆ ತಲುಪಿದ್ದು ಅವನ ಹಾಡಿನಿಂದಲೇ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವರು, ವಿಚಿತ್ರವೆಂದರೆ, ಅದೇ ಸರ್ಕಾರದ ಅಧಿಕಾರಿ ಜೆ.ಎಫ್. ಫ್ಲೀಟ್.