ಸಿಂಪ್ಯೂಟರ್‌: ಕಿರುಪರದೆಯಲ್ಲಿ ಕನ್ನಡದ ಪಾಡು

ಗ್ರಾಮೀಣ ಜನರಿಗೂ ಗಣಕ ಎಟುಕಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಾಗೂ ಎನ್‌ಕೋರ್‌ ಸಾಫ್ಟ್‌ವೇರ್‌ನ ತಂತ್ರಜ್ಞರು ರೂಪಿಸಿ, 2001ರಲ್ಲಿ ಅನಾವರಣಗೊಳಿಸಿದ ಅಂಗೈಗಣಕ ಸಿಂಪ್ಯೂಟರ್‌. ಅದರ ಕಪ್ಪು-ಬಿಳುಪು ಸ್ಪರ್ಶಪರದೆಯಲ್ಲಿದ್ದುದು ಉದ್ದಕ್ಕೆ 320, ಅಗಲಕ್ಕೆ 240ರಂತೆ 76,800 ಪಿಕ್ಸೆಲ್‌ಗಳು. ಇಂಗ್ಲಿಷ್‌ ಅಕ್ಷರಗಳಿಗೆ ಅಷ್ಟು ಸಾಕಾದೀತು. ಕನ್ನಡದ ಪಾಡು ಬೇರೆ. ‘ರಾಷ್ಟ್ರ’ ಎಂದು ಬರೆಯಲು ಷಕಾರಕ್ಕೆ ಎರಡು ಒತ್ತುಗಳು ಬೇಕು. ಚುಕ್ಕಿಗಳು ಸಾಲದಾದಾಗ ಒತ್ತುಗಳು ಮಸಿಮುದ್ದೆಯಾಗುತ್ತವೆ, ‘ಪ’ ಮತ್ತು ‘ಷ’ಗಳ ಭೇದ ಅಳಿಯುತ್ತದೆ. ಅಕ್ಷರ ಹಿಗ್ಗಿಸಿದರೆ ಸಾಲುಗಳು ಕುಗ್ಗುತ್ತವೆ. ಓದು ಬಾರದವರಿಗೆಂದು ಸಿದ್ಧಪಡಿಸಿದ, ಪಠ್ಯವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶ ಓದುಬಲ್ಲವರಿಗೂ ಆಸರೆಯಾಗುವಂತಿತ್ತು.

2004ರಲ್ಲಿ ಭಾರತ್‌ ಎಲೆಕ್ಟ್ರಾನಿಕ್ಸ್‌ ತಯಾರಿಸಿದ ಅಮಿಡಾ ಸಿಂಪ್ಯೂಟರ್‌ನಲ್ಲಿ ಬಣ್ಣದ ಪರದೆಯ ಮಾದರಿಗಳು ಬಂದರೂ ಪಿಕ್ಸೆಲ್‌ಗಳು ಹೆಚ್ಚಲಿಲ್ಲ. 2011ರ ಆಕಾಶ್‌ ಟ್ಯಾಬ್ಲೆಟ್‌ನ ಏಳು ಅಂಗುಲದ ಪರದೆಯಲ್ಲಿ 3,84,000 ಪಿಕ್ಸೆಲ್‌ಗಳಿದ್ದವು. ಆದರೆ ಒತ್ತಿದರಷ್ಟೇ ಸ್ಪಂದಿಸುವ ಆ ಪರದೆ ಟೀಕೆಗೆ ಗುರಿಯಾಯಿತು. 2012ರ ಮಾದರಿಯಲ್ಲಿ ಬೆರಳು ಸೋಕಿದರೆ ಸಾಕೆಂಬಂತೆ ಬದಲಾಯಿತು.